ನಾಲ್ಕು ಟಿಬಿ, ನಾನೂರ ಅರವತ್ತೈದು ಜಿಬಿ

ನಮ್ಮ ಮೇಲಿನ ಮನೆಯ ಸುಜಾತ ಮೇಡಂ ಮೊನ್ನೆ ಬೆಳಿಗ್ಗೆ ಕೈಯಲ್ಲಿ ಅಂಗೈಯಗಲದ ಕಪ್ಪು ಡಬ್ಬಿಯೊಂದನ್ನು ಹಿಡಿದು ಮೆಟ್ಟಿಲಿಳಿದು ಬಂದರು. ಇಳಿದು ಬಂದ ರಭಸಕ್ಕೇ ಗೊತ್ತಾಯಿತು, ಯಾರ ಮೇಲೋ ಯುದ್ಧಕ್ಕೆ ಹೊರಟಿದ್ದಾರೆ, ನನ್ನನ್ನು ಸಾಕ್ಷಿಗೆ ಕರೆಯುತ್ತಾರೆ ಎಂದು. ಅವರು ಹೈಸ್ಕೂಲಿನಲ್ಲಿ ಗಣಿತ ಹೇಳುತ್ತಾರೆ. ಲೆಕ್ಕ ತಪ್ಪಿದರೆ ದೇವರನ್ನೂ ಬಿಡುವವರಲ್ಲ.

"ನೋಡಿ ಸಾರ್, ಎರಡು ಟಿಬಿ ಅಂತ ಬರೆದವ್ನೆ. ಕಂಪ್ಯೂಟರಿಗೆ ಹಾಕಿದ್ರೆ ಒಂದು ಪಾಯಿಂಟ್ ಎಂಟು ಒಂದು ಅಂತ ತೋರಿಸ್ತೈತೆ. ಮಿಕ್ಕಿದ್ದು ಎಲ್ಲೋಯ್ತು? ಈಗಲೇ ಹೋಗಿ ಅಂಗಡಿಯವ್ನ ಮುಖಕ್ಕೆ ಎಸ್ದು ಬತ್ತೀನಿ."

ನೀವೂ ಇಂಥದ್ದು ನೋಡಿರುತ್ತೀರಿ. ಪೆನ್ ಡ್ರೈವ್ ಆಗಲಿ, ಹಾರ್ಡ್ ಡಿಸ್ಕ್ ಆಗಲಿ, ಪೊಟ್ಟಣದ ಮೇಲೆ ಬರೆದಷ್ಟು ಒಳಗೆ ಕಾಣುವುದಿಲ್ಲ. ತಯಾರಿಸುವವರು ಸಾವಿರಕ್ಕೊಂದು ಎಂದು ಎಣಿಸುತ್ತಾರೆ, ಕಂಪ್ಯೂಟರು ಸಾವಿರದ ಇಪ್ಪತ್ನಾಲ್ಕಕ್ಕೊಂದು ಎಂದು ಎಣಿಸುತ್ತದೆ. ಜಾಗ ಅಷ್ಟೇ ಇರುತ್ತದೆ, ಎಣಿಕೆ ಬೇರೆ. ಇದನ್ನು ನಾನು ಕಾಲೇಜಿನ ಲ್ಯಾಬಿನಲ್ಲಿ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ನಿವೃತ್ತಿಗೆ ಇನ್ನೂ ಮೂರು ವರ್ಷವಿದೆ, ಆದರೆ ನನ್ನ ಮೊಣಕಾಲು, ಗಂಟಲು ಎರಡೂ ಆಗಲೇ ಅರ್ಜಿ ಹಾಕಿ ಕೂತಿವೆ. ಆದರೂ ಕುರ್ಚಿ ಎಳೆದು, ಒಂದು ಹಾಳೆಯ ಮೇಲೆ ಭಾಗಾಕಾರ ಮಾಡಿ ತೋರಿಸಿದೆ. ಮೇಡಂ ಕನ್ನಡಕ ಏರಿಸಿ ಎರಡು ಸಲ ನೋಡಿದರು.

"ಹಂಗಾದ್ರೆ ಅವ್ನು ಕಳ್ಳ ಅಲ್ವಾ?"

"ಅಲ್ಲ ಮೇಡಂ."

"ಗ್ಯಾರಂಟಿನಾ?"

ಅವರು ಮೇಲೆ ಹೋದ ಮೇಲೂ ನಾನು ಆ ಹಾಳೆಯ ಮುಂದೆ ಸುಮ್ಮನೆ ಕೂತಿದ್ದೆ. ಕಾಫಿ ಆರಿತು. ಹೆಂಡತಿ ಒಳಗಿಂದ ಎರಡು ಸಲ ಕೂಗಿದಳು. ಅಂಗಡಿಯವನು ಯಾರೋ ನನಗೆ ಗೊತ್ತಿಲ್ಲ. ಅವನ ಪರವಾಗಿ ಅಷ್ಟು ಗಟ್ಟಿಯಾಗಿ ವಾದಿಸಿದ ನಾನೇ, ಕೆಲವು ವರ್ಷಗಳ ಹಿಂದೆ, ನನಗೆ ಚೆನ್ನಾಗಿ ಗೊತ್ತಿದ್ದ ಒಬ್ಬ ಮನುಷ್ಯನ ಪರವಾಗಿ ನನ್ನೊಳಗೇ ಅರ್ಧ ಮಾತು ಆಡಲಾರದೆ ಹೋಗಿದ್ದೆ.

ಅವನ ಹೆಸರು ನಯಾಜ್. ರಾಮನಗರದಲ್ಲಿ ಒಂದು ಕಾಲಕ್ಕೆ ಸ್ಥಳೀಯ ಕೇಬಲ್ ಚಾನೆಲ್ ಒಂದಿತ್ತು. ಈಗ ಹೇಳಿದರೆ ಹೊಸಬರು ನಗುತ್ತಾರೆ. ಮೊದಲ ಮಹಡಿಯಲ್ಲಿ ಎರಡು ಕೋಣೆ, ಒಂದು ಕ್ಯಾಮೆರಾ, ನೀಲಿ ಪರದೆ, ಸದ್ದು ಮಾಡುವ ಫ್ಯಾನು. ಸುದ್ದಿ ಓದುವಾಗ ಸೆಖೆಯಲ್ಲಿ ಬೇಯುತ್ತಾ ಫ್ಯಾನು ನಿಲ್ಲಿಸಬೇಕಾಗಿತ್ತು. ಸುದ್ದಿ ಓದುತ್ತಿದ್ದವನು ನಾನು. ಎಡಿಟಿಂಗೂ ನನ್ನದೇ. ಕ್ಯಾಮೆರಾ ನಯಾಜನದು. ಹಾಲಿನ ಡೈರಿಯ ವಾರ್ಷಿಕ ಸಭೆ, ಶಾಲೆಯ ಡ್ಯಾನ್ಸು, ರೇಷ್ಮೆ ಗೂಡಿನ ಮಾರುಕಟ್ಟೆಯಲ್ಲಿ ರೇಟು ಬಿದ್ದ ದಿನದ ಗಲಾಟೆ, ಕೈಲಾಂಚದಲ್ಲಿ ಬೋರ್‌ವೆಲ್‌ನಿಂದ ನೀರು ಚಿಮ್ಮಿದ್ದು, ಕಾಣೆಯಾದ ಎಮ್ಮೆ, ಮಕ್ಕಳ ಹುಟ್ಟುಹಬ್ಬ. ಇಂಥವೇ ನಮ್ಮ ಸುದ್ದಿ. ಒಂದು ಸ್ಕೂಟರಿನಲ್ಲಿ ಇಬ್ಬರೂ ಹೋಗುತ್ತಿದ್ದೆವು. ಅವನು ಓಡಿಸುತ್ತಿದ್ದ, ನಾನು ಹಿಂದೆ ಕ್ಯಾಮೆರಾ ಚೀಲವನ್ನು ಕೂಸಿನಂತೆ ತಬ್ಬಿಕೊಂಡು ಕೂರುತ್ತಿದ್ದೆ.

ನಾನು ಕೈಲಾಂಚ ಕಡೆಯ ರಾಗಿ ಹೊಲದವರ ಮನೆಯವನು. ಅವನು ಪೇಟೆಯ ರೀಲರ್‌ಗಳ ಮನೆಯವನು, ಅಂದರೆ ರೇಷ್ಮೆ ಗೂಡಿನಿಂದ ನೂಲು ಬಿಚ್ಚುವವರ ಮನೆ. ವಯಸ್ಸಿನಲ್ಲಿ ಆರು ತಿಂಗಳ ವ್ಯತ್ಯಾಸವಷ್ಟೆ. ಅವನು ನನ್ನನ್ನು "ಲೇ ಗೌಡ" ಎಂದೇ ಕರೆಯುತ್ತಿದ್ದ. ನಾನು ಗಂಭೀರ ಮುಖ ಮಾಡಿ ಸುದ್ದಿ ಓದುತ್ತಿರುವಾಗ ಕ್ಯಾಮೆರಾದ ಹಿಂದಿನಿಂದ ಕೈಸನ್ನೆಯಲ್ಲೇ ಹಂಗಿಸುತ್ತಿದ್ದ. ನಿಲ್ಲಿಸಿದ ಕೂಡಲೇ, "ಏನ್ಲಾ ಅದು, ಸತ್ತೋರ ಮನೇಲಿ ಕುಂತಂಗೆ ಓದ್ತೀಯ? ಎಮ್ಮೆ ಸಿಕ್ಕೈತೆ ಕಣ್ಲಾ, ಒಸಿ ನಗು!" ಎನ್ನುತ್ತಿದ್ದ.

ದೊಡ್ಡ ಚಾನೆಲ್ಲುಗಳು, ಆಮೇಲೆ ಎಲ್ಲರ ಕೈಗೂ ಫೋನು ಬಂದವು. ನಮ್ಮ ಎಮ್ಮೆಗಳನ್ನು ಹುಡುಕಲು ನಾವು ಬೇಕಾಗಲಿಲ್ಲ. ಮಾಲೀಕರು ಒಂದು ದಿನ ಇಬ್ಬರನ್ನೂ ಕರೆದು, ಜಾಗ ಖಾಲಿ ಮಾಡಬೇಕು ಎಂದರು. ಆಗ ಉಳಿದದ್ದು ಟೇಪುಗಳ ಪ್ರಶ್ನೆ. ಬೆಂಕಿಪೆಟ್ಟಿಗೆಗಿಂತ ಒಸಿ ದೊಡ್ಡದಾದ ಪುಟ್ಟ ಕ್ಯಾಸೆಟ್ಟುಗಳು, ಒಂದೊಂದರಲ್ಲಿ ಒಂದು ಗಂಟೆ. ಅಂಥವು ಇನ್ನೂರ ಅರವತ್ತಕ್ಕೂ ಹೆಚ್ಚಿದ್ದವು. ಎಲ್ಲವನ್ನೂ ಕಂಪ್ಯೂಟರಿಗೆ ಇಳಿಸಿಬಿಡೋಣ ಎಂದು ಹೇಳಿದವನು ನಾನು. ನಯಾಜ್ ಬೆಂಗಳೂರಿಗೆ ಹೋಗಿ ನಾಲ್ಕು ಟಿಬಿಯ ಹಾರ್ಡ್ ಡಿಸ್ಕ್ ತಂದ. ಇಟ್ಟಿಗೆಯ ಅರ್ಧದಷ್ಟಿತ್ತು. ಅದಕ್ಕೆ ಬೇರೆಯದೇ ಕರೆಂಟಿನ ಅಡಾಪ್ಟರು, ಬೇರೆಯದೇ ವೈರು. ಆ ಕಾಲಕ್ಕೆ ಅದು ನಮ್ಮ ಪಾಲಿಗೆ ಕಣಜ.

ಒಂದು ಗಂಟೆಯ ಟೇಪು ಇಳಿಸಲು ಪೂರ್ತಿ ಒಂದು ಗಂಟೆ ಬೇಕು, ಅವಸರ ಮಾಡುವಂತಿಲ್ಲ. ಮೂರು ತಿಂಗಳು ನಾನು ನಮ್ಮದೇ ಹಳೆಯ ಸುದ್ದಿಗಳನ್ನು ಮತ್ತೆ ನೋಡುತ್ತಾ ಕೂತೆ. ಮೊದಮೊದಲು ಖುಷಿಯಾಗುತ್ತಿತ್ತು. ಆಮೇಲೆ ನನ್ನ ದನಿ ಕೇಳಿದರೇ ನನಗೆ ತಲೆನೋವು. ಕೊನೆಗೊಂದು ದಿನ ಮುಗಿಯಿತು. ನಯಾಜ್ ಟೇಪುಗಳ ಗೋಣಿಚೀಲಗಳ ಪಕ್ಕ ನಿಂತು ಕೇಳಿದ:

"ಎಲ್ಲಾ ಬಂದೈತೇನ್ಲಾ?"

"ಬಂದೈತೆ ಕಣೋ."

"ಹಂಗಾದ್ರೆ ಇವು?"

"ಇನ್ಯಾಕೆ ಇವು? ಫಂಗಸ್ ಬತ್ತಾ ಐತೆ. ಹಾಕ್ಬುಡು ಗುಜರಿಗೆ."

ಅವನು ಎರಡನೇ ಮಾತು ಆಡಲಿಲ್ಲ. ಡಿಸ್ಕನ್ನು ಒಂದು ಸಲವೂ ತೆರೆದು ನೋಡಲಿಲ್ಲ. ತಾನು ಹದಿನೈದು ವರ್ಷ ಹೆಗಲ ಮೇಲೆ ಹೊತ್ತು ಹಿಡಿದದ್ದನ್ನೆಲ್ಲ ನನ್ನ ಒಂದು "ಬಂದೈತೆ" ಎಂಬ ಮಾತಿನ ಮೇಲೆ ಗುಜರಿಯವನ ಆಟೋಗೆ ಎತ್ತಿ ಹಾಕಿದ. ಆಗ ನನಗೆ ಅದು ದೊಡ್ಡದೆನಿಸಲಿಲ್ಲ. ನಾನು ಕಂಪ್ಯೂಟರ್ ಬಲ್ಲವನು, ಅವನು ಕ್ಯಾಮೆರಾ ಬಲ್ಲವನು, ಅವನು ನನ್ನ ಮಾತು ಕೇಳುವುದು ಸಹಜವೇ ಎಂದುಕೊಂಡಿದ್ದೆ.

ಚಾನೆಲ್ ಮುಚ್ಚಿತು. ನಾನು ಖಾಸಗಿ ಕಾಲೇಜೊಂದರಲ್ಲಿ ಲ್ಯಾಬ್ ನೋಡಿಕೊಳ್ಳುವ ಕೆಲಸಕ್ಕೆ ಸೇರಿದೆ. ನಯಾಜ್ ಒಂದಷ್ಟು ವರ್ಷ ಮದುವೆಗಳಿಗೆ ಕ್ಯಾಮೆರಾ ಹಿಡಿದ. ಬೆನ್ನು ಕೈಕೊಟ್ಟ ಮೇಲೆ ಅಣ್ಣಂದಿರ ಜೊತೆ ಗೂಡಿನ ವ್ಯಾಪಾರಕ್ಕೆ ಇಳಿದ. ಡಿಸ್ಕ್ ನನ್ನ ಮನೆಯ ಬೀರುವಿನಲ್ಲೇ ಉಳಿಯಿತು. ಯಾರಾದರೂ ಕೇಳಿದಾಗ ವರ್ಷಕ್ಕೊಮ್ಮೆಯೋ ಎರಡು ಸಲವೋ ಹೊರಗೆ ತೆಗೆದು, ಬೇಕಾದ ಒಂದು ತುಣುಕು ಹುಡುಕಿ ಕೊಟ್ಟು ಮತ್ತೆ ಒಳಗಿಡುತ್ತಿದ್ದೆ. ಇನ್ನೊಂದು ಪ್ರತಿ ಮಾಡಿಡಬೇಕೆಂದು ಪ್ರತಿ ಸಲವೂ ಅಂದುಕೊಳ್ಳುತ್ತಿದ್ದೆ. ನಾನು ಅಂದುಕೊಂಡು ಬಿಟ್ಟ ಕೆಲಸಗಳಿಗೇ ಒಂದು ನಾಲ್ಕು ಟಿಬಿ ಬೇಕು.

ಒಂದು ಭಾನುವಾರ ನಯಾಜ್ ಮನೆಗೆ ಬಂದ. ಅವನ ಮಗಳು ಆಯಿಷಾಗೆ ಮದುವೆ ಗೊತ್ತಾಗಿತ್ತು. ಮಾತಿನ ನಡುವೆ, "ಲೇ ಗೌಡ, ನಮ್ಮಮ್ಮೀದು ಒಂದ್ ಕ್ಲಿಪ್ ಐತಲ್ಲ, ಬೇಕಾಗಿತ್ತು ಕಣ್ಲಾ," ಎಂದ.

ನನಗೆ ನೆನಪಿತ್ತು. ಮಹಿಳಾ ದಿನಕ್ಕೆಂದು ನೂಲು ಬಿಚ್ಚುವ ಹೆಂಗಸರ ಬಗ್ಗೆ ಅರ್ಧ ಗಂಟೆಯ ಕಾರ್ಯಕ್ರಮ ಮಾಡಿದ್ದೆವು. ಅದರಲ್ಲಿ ಅವನ ತಾಯಿ ಹಸೀನಾಬಿಯವರು ಚರಕದ ಮುಂದೆ ಕೂತು, ಕುದಿನೀರಿನ ಬೇಸಿನ್ನಿನಿಂದ ಗೂಡಿನ ಎಳೆ ಎತ್ತುವ ನಾಲ್ಕು ನಿಮಿಷವಿತ್ತು. ಆ ತಾಯಿ ತೀರಿಕೊಂಡು ಆಗಲೇ ಎಂಟೊಂಬತ್ತು ವರ್ಷವಾಗಿತ್ತು.

ಯಾಕೆ ಬೇಕಾಯಿತು ಎಂದು ಕೇಳಿದೆ. ಆಯಿಷಾ ಎಡಗೈಯವಳು. ಬರೆಯುವುದು, ಹೊಲಿಯುವುದು, ತರಕಾರಿ ಹೆಚ್ಚುವುದು ಎಲ್ಲ ಎಡಗೈಯಲ್ಲೇ. ಹುಡುಗನ ಮನೆಯವರು ನೋಡಲು ಬಂದಾಗ ಹಿರಿಯ ಹೆಂಗಸೊಬ್ಬರು, "ಇವಳೇನು, ಎಡಗೈಲಿ ಬಡಿಸ್ತಾಳೆ?" ಎಂದು ನಗುತ್ತಲೇ ಅಂದಿದ್ದರಂತೆ. ಹುಡುಗಿ ಅವತ್ತಿನಿಂದ ಮಂಕಾಗಿದ್ದಳು. ನಯಾಜನ ತಂಗಿ ಶಹೀನ್, "ಅಮ್ಮೀನೂ ಎಡಗೈಲೇ ಎಳೆ ಎತ್ತೋಳು, ಇದು ಅವಳಿಂದ ಬಂದಿದ್ದು, ತಪ್ಪೇನೈತೆ?" ಎಂದಳಂತೆ. ನಯಾಜನಿಗೆ ಅದು ನೆನಪಿರಲಿಲ್ಲ. ಅಮ್ಮಿ ಬಲಗೈಯವಳೇ ಎಂದು ಅವನ ವಾದ. ಅಣ್ಣ ತಂಗಿಗೆ ದಿನಾ ಜಗಳ.

"ನಾನೇ ಕ್ಯಾಮೆರಾ ಹಿಡಿದಿದ್ದು, ನಂಗೇ ನೆನಪಿಲ್ಲ ನೋಡ್ಲಾ," ಎಂದು ಅವನು ನಕ್ಕ. "ಮಗೀಗೆ ಒಸಿ ತೋರಿಸ್ಬೇಕು. ಮದುವೆಗೆ ಮುಂಚೆ."

ನಾಳೆಯೇ ಕೊಡುತ್ತೇನೆ ಎಂದೆ.

ಮಾರನೆಯ ದಿನ ಡಿಸ್ಕಿಗೆ ಕರೆಂಟು ಕೊಟ್ಟರೆ ದೀಪ ಹತ್ತಲಿಲ್ಲ. ಅಲ್ಲಾಡಿಸಿದೆ, ಊದಿದೆ, ಬೇರೆ ಪ್ಲಗ್ಗಿಗೆ ಹಾಕಿದೆ. ಏನೂ ಇಲ್ಲ. ಡಬ್ಬಿ ಕೆಟ್ಟಿದೆ, ಒಳಗಿನ ಡಿಸ್ಕು ಸರಿಯಿರುತ್ತದೆ ಎಂದು ತೀರ್ಮಾನಿಸಿದೆ. ಹತ್ತು ವರ್ಷ ಲ್ಯಾಬಿನಲ್ಲಿ ಕೆಲಸ ಮಾಡಿದವನಿಗೆ ಇಂಥ ತೀರ್ಮಾನಗಳು ಬಹಳ ಬೇಗ ಬರುತ್ತವೆ. ಸ್ಕ್ರೂಡ್ರೈವರ್ ತೂರಿಸಿ ಪ್ಲಾಸ್ಟಿಕ್ಕಿನ ಡಬ್ಬಿಯನ್ನು ಮೀಟಿ ತೆರೆದೆ. ಒಳಗಿನ ಲೋಹದ ಡಿಸ್ಕನ್ನು ಹೊರಗೆಳೆದು, ಲ್ಯಾಬಿಗೆ ಒಯ್ದು, ಕಂಪ್ಯೂಟರಿನ ಹೊಟ್ಟೆಯೊಳಗೆ ನೇರವಾಗಿ ಜೋಡಿಸಿದೆ.

ಡಿಸ್ಕ್ ತಿರುಗಿತು. ಸದ್ಯ ಎಂದುಕೊಂಡೆ. ಅಷ್ಟರಲ್ಲಿ ಪರದೆಯ ಮೇಲೆ, ಈ ಡಿಸ್ಕನ್ನು ಬಳಸುವ ಮುನ್ನ ಫಾರ್ಮ್ಯಾಟ್ ಮಾಡಬೇಕು, ಮಾಡಲೇ ಎಂಬ ಪ್ರಶ್ನೆ ಬಂತು. ಫಾರ್ಮ್ಯಾಟ್ ಎಂದರೆ ಇರುವುದನ್ನೆಲ್ಲ ಒರೆಸಿ ಹೊಸ ಸ್ಲೇಟಿನಂತೆ ಮಾಡುವುದು. ಬೇಡ ಎಂದು ಒತ್ತಿ, ಅಳತೆ ಎಷ್ಟು ತೋರಿಸುತ್ತದೆ ಎಂದು ನೋಡಿದೆ. ನಾಲ್ಕು ಟಿಬಿ ಇರಬೇಕಾದ ಕಡೆ ನಾನೂರ ಅರವತ್ತೈದು ಜಿಬಿ.

ಎಂಟರಲ್ಲಿ ಒಂದು ಪಾಲು. ನಾನು ಆ ಅಂಕಿಯನ್ನೇ ನೋಡುತ್ತಾ ನಿಂತೆ. ಗೋಣಿಚೀಲಗಳು ಆಟೋ ಹತ್ತಿದ್ದು ಕಣ್ಣಮುಂದೆ ಬಂತು.

ಪೇಟೆಯಲ್ಲಿ ಕಂಪ್ಯೂಟರ್ ರಿಪೇರಿಯ ಅಂಗಡಿಯೊಂದಿತ್ತು. ಡಿಸ್ಕನ್ನು ಅಲ್ಲಿಗೆ ಒಯ್ದೆ. ಅಂಗಡಿಯವನು ನನ್ನಷ್ಟೇ ವಯಸ್ಸಿನವನು, ನನಗಿಂತ ಹೆಚ್ಚು ಆತ್ಮವಿಶ್ವಾಸ. ಜೋಡಿಸಿ ನೋಡಿದವನೇ ಕುರ್ಚಿಗೆ ಒರಗಿದ.

"ಸಾರ್, ಇದು ಐನೂರು ಜಿಬಿ ಡಿಸ್ಕು. ಐನೂರಕ್ಕೆ ನಾನೂರ ಅರವತ್ತೈದೇ ತೋರ್ಸೋದು. ನಿಮಗೆ ಗೊತ್ತಿಲ್ವಾ?"

ಗೊತ್ತಿತ್ತು. ಅದೇ ನನ್ನ ಗ್ರಹಚಾರ. ನಾನೇ ಮಕ್ಕಳಿಗೆ ಹೇಳಿಕೊಡುವ ಭಾಗಾಕಾರ ಅದು. ಅಂಕಿ ಅಷ್ಟು ಸರಿಯಾಗಿ ಕೂತಿತ್ತು.

"ಮೇಲೆ ನಾಲ್ಕು ಟಿಬಿ ಅಂತ ಬರೆದೈತಲ್ಲ?" ಎಂದೆ.

"ಸ್ಟಿಕ್ಕರ್ ಯಾರ್ ಬೇಕಾದ್ರೂ ಅಂಟಿಸ್ತಾರೆ. ಇಂಥ ಡೂಪ್ಲಿಕೇಟಲ್ಲಿ ಏನಾಯ್ತದೆ ಅಂದ್ರೆ, ತುಂಬಿದ ಮೇಲೂ ತಗೋತಾ ಹೋಗ್ತದೆ. ಫೈಲಿನ ಹೆಸರು ಇರ್ತದೆ, ಒಳಗಡೆ ಏನೂ ಇರಲ್ಲ. ಯಾರು ತಂದ್ಕೊಟ್ಟಿದ್ದು?"

"ನಯಾಜ್ ಅಂತ, ನಮ್ ಕ್ಯಾಮೆರಾಮನ್."

ಅವನು ಒಂದು ಸಣ್ಣ ನಗು ನಕ್ಕ, ಅಷ್ಟೆ. ಆ ನಗುವಿನ ಅರ್ಥ ನನಗೆ ತಿಳಿಯದೇ ಇರಲಿಲ್ಲ. ನಯಾಜ್ ಅಂಥವನಲ್ಲ ಎಂದು ನಾನು ಹೇಳಬೇಕಾದ ಜಾಗ ಅದೇ. ಹೇಳಲಿಲ್ಲ. ಫಾರ್ಮ್ಯಾಟ್ ಮಾಡಿ, ರಿಕವರಿ ಸಾಫ್ಟ್‌ವೇರ್ ಹಾಕಿ ಸಿಕ್ಕಷ್ಟು ತೆಗೆಯೋಣ, ಬಿಟ್ಟು ಹೋಗಿ ಎಂದ ಅಂಗಡಿಯವನು. ಇನ್ನೊಂದು ದಿನ ಬರುತ್ತೇನೆ ಎಂದು ಡಿಸ್ಕನ್ನು ಟವೆಲಿನಲ್ಲಿ ಸುತ್ತಿ ಎದ್ದೆ. ಮುನ್ನೆಚ್ಚರಿಕೆಯಿಂದಲ್ಲ. ಸಾಕಾಗಿತ್ತು, ಮನೆಗೆ ಹೋಗಿ ಮಲಗಬೇಕೆನಿಸಿತ್ತು. ನನ್ನ ಸೋಮಾರಿತನ ಜೀವಮಾನದಲ್ಲಿ ಒಂದೇ ಒಂದು ಸಲ ಉಪಕಾರ ಮಾಡಿದ್ದರೆ ಅದು ಅವತ್ತು.

ಆದರೆ ಮನೆಗೆ ಹೋಗಲಿಲ್ಲ. ನೇರವಾಗಿ ನಯಾಜನ ಮನೆಗೆ ಹೋದೆ. ಇಷ್ಟು ವರ್ಷ ನಾನು ಹುಡುಕಿ ಕೊಟ್ಟ ತುಣುಕುಗಳೆಲ್ಲ ಡಿಸ್ಕು ತುಂಬುವ ಮೊದಲು ಇಳಿಸಿದವೇ ಇರಬೇಕು ಎಂದು ದಾರಿಯಲ್ಲಿ ನನಗೆ ನಾನೇ ಹೇಳಿಕೊಂಡೆ. ಮದುವೆಗೆ ಸುಣ್ಣ ಬಳಿಯುತ್ತಿದ್ದರು, ಹಿತ್ತಲಿನಿಂದ ಬೆಂದ ಗೂಡಿನ ವಾಸನೆ ಬರುತ್ತಿತ್ತು. ನಯಾಜ್ ನನ್ನನ್ನು ಕಂಡು, "ಬಾರ್ಲಾ ಗೌಡ, ತಂದ್ಯಾ?" ಎಂದು ಎದ್ದು ಬಂದ. ಬಾಗಿಲಲ್ಲೇ ನಿಂತು ಕೇಳಿದೆ:

"ಆ ಹಾರ್ಡ್ ಡಿಸ್ಕ್ ಎಲ್ಲಿ ತಗೊಂಡಿದ್ದೆ?"

"ಬೆಂಗಳೂರಲ್ಲಿ. ಯಾಕ್ಲಾ?"

"ಅದು ನಾಲ್ಕು ಟಿಬಿ ಅಲ್ಲ. ಐನೂರು ಜಿಬಿ. ಸ್ಟಿಕ್ಕರ್ ಬದಲಾಯಿಸವ್ರೆ. ಒಳಗೆ ಏನೂ ಇಲ್ಲ. ಅಂಗಡಿಯವ್ರು ನಿಂಗೆ ಟೋಪಿ ಹಾಕಿರ್ಬೇಕು, ಇಲ್ಲಾಂದ್ರೆ..."

ಅಲ್ಲಿಗೆ ನಿಂತೆ. ಆ ಮಾತು ನಾಲಿಗೆಯ ಮೇಲೆ ಎಲ್ಲಿಂದ ಬಂತೋ ಗೊತ್ತಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಎಲ್ಲಿಂದ ಬಂತೆಂದು ನನಗೆ ಗೊತ್ತು. ಡಿಸ್ಕು ತಂದವನು ನನ್ನ ಚಿಕ್ಕಪ್ಪನ ಮಗನಾಗಿದ್ದರೆ ಆ "ಇಲ್ಲಾಂದ್ರೆ" ಬರುತ್ತಿತ್ತೇ ಎಂದು ಆಮೇಲೆ ಎಷ್ಟೋ ಸಲ ಕೇಳಿಕೊಂಡಿದ್ದೇನೆ.

ನಯಾಜ್ ಸುಣ್ಣ ಬಳಿಯುವವರ ಕಡೆ ಒಮ್ಮೆ ನೋಡಿದ. ಆಮೇಲೆ ನನ್ನ ಕಡೆ.

"ಇಲ್ಲಾಂದ್ರೆ ಏನು? ಮುಗ್ಸು."

ನಾನು ಮುಗಿಸಲಿಲ್ಲ.

"ಟೇಪ್ ಗುಜರಿಗೆ ಹಾಕು ಅಂದೆ ನೀನು. ಎಲ್ಲಾ ಬಂದೈತೆ ಅಂದೆ. ನಾನು ತೆರೆದು ನೋಡ್ಲಿಲ್ಲ," ಎಂದ. ದನಿ ಏರಲಿಲ್ಲ. ಅದೇ ದನಿಯಲ್ಲಿ, "ಆಯ್ತು ಗೌಡ್ರೇ. ಹೋಗ್ಬನ್ನಿ," ಎಂದ.

ಇಪ್ಪತ್ತೈದು ವರ್ಷದಲ್ಲಿ ಅವನು ನನಗೆ "ಬನ್ನಿ" ಎಂದದ್ದು ಅದೇ ಮೊದಲು.

ಒಂದು ತಿಂಗಳಿಗೆ ಮದುವೆಯ ಕಾರ್ಡ್ ಬಂತು. ಅವನು ತರಲಿಲ್ಲ, ಅವನ ಅಣ್ಣ ತಂದುಕೊಟ್ಟು ಹೋದರು. ಕಾರ್ಡಿನ ಮೇಲೆ ನನ್ನ ಹೆಸರು, ಹೆಂಡತಿಯ ಹೆಸರು, ಹಿಂದೆ ಮುಂದೆ ಶ್ರೀ, ಶ್ರೀಮತಿ. ಹೆಂಡತಿ ಹೋಗೋಣ ಎಂದಳು. ಅವತ್ತು ನನಗೆ ಮೊಣಕಾಲು ನೋವು ಬಂತು. ಅವಳು ಒಬ್ಬಳೇ ಹೋಗಿ ಬಂದು, "ನಯಾಜಣ್ಣ ಏನೂ ಕೇಳ್ಲಿಲ್ಲ ನಿಮ್ಮ ಬಗ್ಗೆ. ಊಟ ಚೆನ್ನಾಗಿತ್ತು," ಎಂದಷ್ಟೇ ಹೇಳಿ ಒಳಗೆ ಹೋದಳು. ಆಯಿಷಾ ಮದುವೆಯಾಗಿ ಶಿಡ್ಲಘಟ್ಟಕ್ಕೆ ಹೋದಳು.

ಡಿಸ್ಕನ್ನು ಎಸೆಯಲಾರದೆ ಲ್ಯಾಬಿನ ಮೇಜಿನ ಮೇಲೆ, ಹಾಜರಿ ಹಾಳೆಗಳು ಹಾರದಂತೆ ಇಟ್ಟುಕೊಂಡಿದ್ದೆ. ಹೀಗೆ ಆರೇಳು ತಿಂಗಳು ಕಳೆದವು. ಒಂದು ದಿನ ಎಲೆಕ್ಟ್ರಾನಿಕ್ಸ್ ಹೇಳುವ ಶೋಭಾ ಮೇಡಂ ಪ್ರಶ್ನೆಪತ್ರಿಕೆ ಪ್ರಿಂಟ್ ತೆಗೆಯಲು ಬಂದವರು ಹಾಳೆಗಾಗಿ ಅದನ್ನು ಎತ್ತಿ, ಮೇಲೆ ಅಂಟಿಸಿದ್ದ ಸ್ಟಿಕ್ಕರ್ ಓದಿದರು.

"ನಾಲ್ಕು ಟಿಬಿ ಡಿಸ್ಕ್ ಪೇಪರ್ ಮೇಲೆ ಇಟ್ಟಿದ್ದೀರಲ್ಲ ಸಾರ್, ಶ್ರೀಮಂತರು ನೀವು."

"ಡೂಪ್ಲಿಕೇಟ್ ಮೇಡಂ. ಮೇಲೆ ನಾಲ್ಕು, ಒಳಗೆ ನಾನೂರ ಅರವತ್ತೈದು."

ಅವರು ಪ್ರಿಂಟರ್ ಕಡೆ ಹೊರಟವರು ನಿಂತರು. "ಇದು ಯಾವುದಾದ್ರೂ ಬಾಕ್ಸ್ ಒಳಗಿತ್ತಾ? ಬಾಕ್ಸ್ ಎಲ್ಲಿ?"

ಇಷ್ಟು ದಿನದಲ್ಲಿ ಯಾರೂ ಕೇಳದ ಪ್ರಶ್ನೆ. ನಾನೂ ಕೇಳಿಕೊಂಡಿರಲಿಲ್ಲ. ಮೀಟಿ ತೆಗೆದ ಡಬ್ಬಿ ಮನೆಯ ಅಟ್ಟದ ಮೇಲಿದೆ ಎಂದೆ. ಅವರು ಒಂದು ಹಾಳೆಯ ಮೂಲೆಯಲ್ಲಿ ನಾನೂರ ಅರವತ್ತೈದನ್ನು ಎಂಟರಿಂದ ಗುಣಿಸಿದರು. ಮೂರು ಸಾವಿರದ ಏಳುನೂರ ಇಪ್ಪತ್ತು. ನಾಲ್ಕು ಟಿಬಿಯ ಡಿಸ್ಕು ಕಂಪ್ಯೂಟರಿನಲ್ಲಿ ಎಷ್ಟು ತೋರಿಸಬೇಕೋ ಸರಿಯಾಗಿ ಅಷ್ಟು.

ಅವರು ವಿವರಿಸಿದ್ದನ್ನು ನಾನು ನನ್ನ ರೀತಿಯಲ್ಲಿ ಅರ್ಥ ಮಾಡಿಕೊಂಡೆ. ನಮ್ಮ ಹಳ್ಳಿಯ ಮನೆಯಲ್ಲಿ ಎಂಟು ಸೇರು ಹಿಡಿಯುವ ಕೊಳಗವಿತ್ತು. ಅವ್ವ ಕಣದಲ್ಲಿ ರಾಗಿಯನ್ನು ಕೊಳಗದಲ್ಲಿ ಅಳೆದು, ಗೋಡೆಗೆ ಇದ್ದಿಲಿನಿಂದ ಗೀಟು ಎಳೆಯುತ್ತಿದ್ದಳು. ಆ ಗೀಟುಗಳನ್ನು ಗೊತ್ತಿಲ್ಲದವನು ಬಂದು ಸೇರಿನ ಲೆಕ್ಕ ಎಂದು ಓದಿದರೆ, ಎಂಟರಲ್ಲಿ ಒಂದು ಪಾಲು ರಾಗಿ ಮಾತ್ರ ಇದೆ, ಮಿಕ್ಕಿದ್ದನ್ನು ಯಾರೋ ಕದ್ದಿದ್ದಾರೆ ಎನ್ನುತ್ತಾನೆ. ಆ ಹಳೆಯ ಡಬ್ಬಿಯೊಳಗೆ ಒಂದು ಸಣ್ಣ ಬೋರ್ಡಿರುತ್ತದೆ. ಅದು ಕೊಳಗದಲ್ಲಿ ಅಳೆದು ಗೀಟು ಹಾಕಿತ್ತು. ನಾನು ಡಿಸ್ಕನ್ನು ಅದರಿಂದ ಕಿತ್ತು ನೇರವಾಗಿ ಜೋಡಿಸಿದಾಗ ಕಂಪ್ಯೂಟರು ಸೇರಿನ ಲೆಕ್ಕದಲ್ಲಿ ಓದಿತು. ರಾಗಿ ಇದ್ದ ಜಾಗದಲ್ಲೇ ಇತ್ತು.

"ಫಾರ್ಮ್ಯಾಟ್ ಮಾಡಿಲ್ಲ ತಾನೆ?" ಮೇಡಂ ಕೇಳಿದರು.

"ಇಲ್ಲ."

"ಬದುಕಿದ್ರಿ. ಬಾಕ್ಸಿಗೇ ವಾಪಸ್ ಹಾಕಿ."

ಮಧ್ಯಾಹ್ನ ರಜೆ ಹಾಕಿ ಮನೆಗೆ ಹೋದೆ. ಏಣಿ ಹತ್ತಿ ಡಬ್ಬಿ ಇಳಿಸಿದೆ. ಡಿಸ್ಕನ್ನು ಒಳಗೆ ಕೂರಿಸಿದೆ. ಲ್ಯಾಬಿನಿಂದ ತಂದಿದ್ದ, ಅದೇ ಅಳತೆಯ ಬೇರೊಂದು ಅಡಾಪ್ಟರನ್ನು ಚುಚ್ಚಿದೆ. ದೀಪ ಹತ್ತಿತು. ಹೌದು, ಡಬ್ಬಿ ಕೆಟ್ಟೇ ಇರಲಿಲ್ಲ. ಅಡಾಪ್ಟರಿನ ವೈರು ಕತ್ತಿನ ಹತ್ತಿರ ಒಳಗೊಳಗೇ ತುಂಡಾಗಿತ್ತು. ಬೀರುವಿನಲ್ಲಿ ಅದನ್ನು ಹಗ್ಗದಂತೆ ಬಿಗಿದು ಸುತ್ತಿಡುತ್ತಿದ್ದವನೂ ನಾನೇ.

ಮೂರು ಪಾಯಿಂಟ್ ಆರು ಮೂರು ಟಿಬಿ. ಎಲ್ಲ ಫೋಲ್ಡರುಗಳೂ ಇದ್ದವು. ಒಂದೊಂದನ್ನೂ ತೆರೆದು ನೋಡಿದೆ. ಶಾಲೆಯ ಮಕ್ಕಳು ಕುಣಿದರು, ಬೋರ್‌ವೆಲ್ ಚಿಮ್ಮಿತು, ನಾನು ಸತ್ತವರ ಮನೆಯಲ್ಲಿ ಕೂತವನಂತೆ ಸುದ್ದಿ ಓದಿದೆ. ಸಂತೋಷವಾಗಬೇಕಿತ್ತು. ಡಿಸ್ಕು ನಿಜವಾಗಿಯೂ ಖೋಟಾ ಆಗಿದ್ದರೆ ನನಗೆ ಇಷ್ಟು ಸುಸ್ತಾಗುತ್ತಿರಲಿಲ್ಲವೇನೋ.

ಅಂದೇ ಸಂಜೆ ಲ್ಯಾಪ್‌ಟಾಪು, ಡಿಸ್ಕು ಎರಡನ್ನೂ ಚೀಲಕ್ಕೆ ಹಾಕಿಕೊಂಡು ನಯಾಜನ ಮನೆಗೆ ಹೋದೆ. ದಾರಿಯುದ್ದಕ್ಕೂ ವಾಕ್ಯಗಳನ್ನು ಜೋಡಿಸಿದೆ. ತಾಂತ್ರಿಕ ದೋಷ, ತಪ್ಪು ತಿಳಿವಳಿಕೆ, ಇತ್ಯಾದಿ. ಸುದ್ದಿ ಓದಿದವನಿಗೆ ವಾಕ್ಯಗಳಿಗೇನು ಬರ. ಬಾಗಿಲು ತೆರೆದವನನ್ನು ನೋಡಿದ ಕೂಡಲೇ ಒಂದೂ ನೆನಪಾಗಲಿಲ್ಲ.

"ಡಿಸ್ಕ್ ಸರಿಯಾಗೇ ಐತೆ ನಯಾಜ್. ತಪ್ಪು ನಂದು. ಎಲ್ಲಾ ಐತೆ," ಎಂದೆ.

ಅವನು ಒಳಗೆ ಕರೆದ. ಶಹೀನ್ ಬಂದಳು, ಅವನ ಹೆಂಡತಿ ಬಂದಳು. ಆ ನಾಲ್ಕು ನಿಮಿಷವನ್ನು ಹಾಕಿದೆ. ಆವಿ ಏಳುತ್ತಿರುವ ಬೇಸಿನ್ನಿನ ಮುಂದೆ ಹಸೀನಾಬಿಯವರು ಕೂತಿದ್ದಾರೆ, ಯಾರೋ ಚರಕ ತಿರುಗಿಸುತ್ತಿದ್ದಾರೆ. ಎಡಗೈ ನೀರಿಗಿಳಿಯುತ್ತದೆ, ಗೂಡಿನ ಎಳೆ ಹಿಡಿದು ಮೇಲೆ ಬರುತ್ತದೆ, ಮತ್ತೆ ಇಳಿಯುತ್ತದೆ. ಬಲಗೈ ಸುಮ್ಮನೆ ಬೇಸಿನ್ನಿನ ಅಂಚಿನ ಮೇಲಿದೆ.

"ಎಡಗೈ! ನೋಡು ಭಾಯ್, ಎಡಗೈ!" ಶಹೀನ್ ಕೂಗಿದಳು. ಅತ್ತಿಗೆಯ ತೋಳು ಹಿಡಿದು ಅಲ್ಲಾಡಿಸಿದಳು. "ನಾನ್ ಹೇಳ್ಲಿಲ್ವಾ?" ಕೂಡಲೇ ಆಯಿಷಾಗೆ ಕಳಿಸಿ ಎಂದು ಅವಳೇ ಫೋನು ತಂದಳು. ಸ್ವಲ್ಪ ಹೊತ್ತಿಗೆ ಶಿಡ್ಲಘಟ್ಟದಿಂದ ಫೋನು ಬಂತು. ಹುಡುಗಿ ಏನು ಹೇಳಿದಳೋ ನನಗೆ ಕೇಳಲಿಲ್ಲ. ಶಹೀನ್ ಮಾತ್ರ ಉರ್ದುವಿನಲ್ಲಿ, "ನಿನ್ನ ಅತ್ತೆಗೆ ತೋರಿಸು, ಮೊದಲು ಅವರಿಗೇ ತೋರಿಸು," ಎನ್ನುತ್ತಾ ಫೋನು ಹಿಡಿದು ಅಂಗಳಕ್ಕೆ ಹೋದಳು. ನಯಾಜನ ಹೆಂಡತಿಯೂ ಹಿಂದೆಯೇ ಹೋದಳು.

ಉಳಿದವರು ನಾವಿಬ್ಬರೇ. ನಯಾಜ್ ನಿಂತು ಹೋದ ಚಿತ್ರವನ್ನು ನೋಡುತ್ತಿದ್ದ.

"ಫೋಕಸ್ ಒಸಿ ಹೋಗೈತೆ," ಎಂದ. ಆಮೇಲೆ, ನನ್ನ ಕಡೆ ತಿರುಗದೆ, "ಅವತ್ತು ಮಾತು ಮುಗಿಸ್ಲಿಲ್ಲ ನೀವು," ಎಂದ.

"ಬುಡು ನಯಾಜ್ ಅದನ್ನ."

"ಇಲ್ಲ. ಮುಗ್ಸಿ. ಏಳು ತಿಂಗ್ಳು ನಾನೇ ಥರಾವರಿ ಮುಗ್ಸಿ ನೋಡಿವ್ನಿ. ನಿಮ್ಮ ಬಾಯಲ್ಲಿ ಒಂದ್ ಸಲ ಕೇಳ್ಬೇಕು."

ಹೇಳಿದೆ. "ಇಲ್ಲಾಂದ್ರೆ ನೀನೇ ಕಮ್ಮೀದು ತಂದು, ಸ್ಟಿಕ್ಕರ್ ಹಾಕಿ ಕೊಟ್ಟಿರ್ಬೇಕು ಅಂತ ಅಂದ್ಕೊಂಡೆ."

ಅಷ್ಟು ಚಿಕ್ಕ ವಾಕ್ಯ. ಹೇಳುವಾಗ ನನ್ನ ದನಿ ನನಗೇ ಪರಕೀಯವಾಗಿ ಕೇಳಿಸಿತು. ಅವನು ತಲೆಯಾಡಿಸಿದ, ತಾನು ಮುಗಿಸಿ ನೋಡಿದ್ದ ಹಲವು ವಾಕ್ಯಗಳಲ್ಲಿ ಇದೂ ಒಂದು ಎಂಬಂತೆ.

"ಹೂಂ," ಎಂದ. "ಇದಕ್ಕಿಂತ ಕೆಟ್ಟದ್ದೂ ಅಂದ್ಕೊಂಡಿದ್ದೆ ನಾನು." ಎದ್ದು ಹೋಗಿ ಹೆಂಡತಿಗೆ ಟೀ ಇಡಲು ಹೇಳಿ ಬಂದ. ನಾನು ಕ್ಷಮಿಸು ಎಂದೆ. ಅಂಥ ಮಾತುಗಳಿಗೆ ಉತ್ತರ ಕೊಡುವುದು ನಮ್ಮ ಕಡೆಯ ಗಂಡಸರಿಗೆ ಅಭ್ಯಾಸವಿಲ್ಲ.

ಈಗ ಡಿಸ್ಕಿನ ಮೂರು ಪ್ರತಿಗಳಿವೆ. ಒಂದು ಅವನ ಮನೆಯಲ್ಲಿ, ಒಂದು ನನ್ನಲ್ಲಿ, ಇನ್ನೊಂದು ಶಿಡ್ಲಘಟ್ಟದಲ್ಲಿ. ಹೋಗುವುದು ಬರುವುದು ಮತ್ತೆ ಶುರುವಾಗಿದೆ. ಹಬ್ಬಕ್ಕೆ ಬಿರಿಯಾನಿ ಬರುತ್ತದೆ, ನಮ್ಮ ಮನೆಯಿಂದ ಒಬ್ಬಟ್ಟು ಹೋಗುತ್ತದೆ. ಆದರೆ ಅವನು ಇಂದಿಗೂ ನನ್ನನ್ನು "ನೀವು" ಎಂದೇ ಕರೆಯುತ್ತಾನೆ. ಕೋಪದಿಂದಲ್ಲ. ಆ ಏಳು ತಿಂಗಳಲ್ಲಿ ನಾಲಿಗೆಗೆ ರೂಢಿಯಾಗಿಬಿಟ್ಟಿದೆ, ಹಿಂದಕ್ಕೆ ಬರುತ್ತಿಲ್ಲ, ಅಷ್ಟೆ. ನಾನು ಅದರ ಬಗ್ಗೆ ಕೇಳಿಲ್ಲ. ಕೇಳಿ ಪಡೆಯುವಂಥದ್ದಲ್ಲ ಅದು.

ಸು​ಜಾತ ಮೇಡಂ ಬಂದುಹೋದ ಮಾರನೆಯ ದಿನ, ಅಂದರೆ ನಿನ್ನೆ, ಗೂಡಿನ ಮಾರುಕಟ್ಟೆಯಿಂದ ಹಿಂದಿರುಗುವಾಗ ನಯಾಜ್ ನಮ್ಮ ಮನೆಗೆ ಬಂದಿದ್ದ. ಅವನ ಫೋನು ಜಾಗವಿಲ್ಲ ಎಂದು ಹಟ ಹಿಡಿದು ಕೂತಿತ್ತು, ಒಂದು ಫೋಟೋವನ್ನೂ ತೆಗೆದುಕೊಳ್ಳುತ್ತಿರಲಿಲ್ಲ. ಲಾಕ್ ನಂಬರನ್ನು ಹೇಳಿ ಫೋನನ್ನು ನನ್ನ ಕೈಗಿಟ್ಟ.

"ಬ್ಯಾಡದ್ದೆಲ್ಲ ತೆಗ್ದಾಕಿ ಗೌಡ್ರೇ. ನಾನು ಒಸಿ ಒರಗ್ತೀನಿ," ಎಂದವನೇ ನಮ್ಮ ದಿವಾನದ ಮೇಲೆ ಕಾಲು ಚಾಚಿದ.

ಮೊದಲಾಗಿದ್ದರೆ ಹತ್ತು ನಿಮಿಷದ ಕೆಲಸ. ಮಸುಕಾದವು, ಒಂದೇ ಥರದ ನಾಲ್ಕೈದು, ಗೂಡಿನ ರಾಶಿಗಳು, ಅವನ ಬೆರಳೇ ಅಡ್ಡ ಬಂದ ಚಿತ್ರಗಳು. ಬೇಕಾದದ್ದು ಯಾವುದು, ಬೇಡದ್ದು ಯಾವುದು ಎಂದು ನನಗೆ ಹೇಳಿಕೊಡಬೇಕೇ? ನಾನು ಕುರ್ಚಿಯನ್ನು ದಿವಾನದ ಪಕ್ಕಕ್ಕೆ ಎಳೆದುಕೊಂಡೆ. ಮೊದಲನೆಯ ಚಿತ್ರವನ್ನು ಅವನ ಮುಖದ ಮುಂದೆ ಹಿಡಿದೆ.

"ಇದು ಬೇಕಾ?"

ಒಂದು ಕಣ್ಣು ತೆರೆದು ನೋಡಿದ. "ಬ್ಯಾಡ."

"ಇದು?"

"ಇರ್ಲಿ."

"ಇದು?"

ಹದಿನೈದಿಪ್ಪತ್ತು ಆಗುವಷ್ಟರಲ್ಲಿ ಅವನಿಗೆ ರೇಗಿತು. ಮೊಣಕೈ ಊರಿ ಎದ್ದ. "ಎಷ್ಟು ಅಂತ ಕೇಳ್ತೀರಿ? ಯಾವ್ದು ಬೇಕು, ಯಾವ್ದು ಬ್ಯಾಡ ಅಂತ ನಿಮಗೆ ಗೊತ್ತಾಗಲ್ವಾ?"

"ಗೊತ್ತಾಗಲ್ಲ," ಎಂದೆ.

ಅವನು ದಿಂಬನ್ನು ಗೋಡೆಗೆ ಆನಿಸಿ ಎದ್ದು ಕೂತ, ಅಂಗಿಯ ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡ, ಮುಂದಿನದನ್ನು ತೋರಿಸಿ ಎಂದ.